ಕಲಬುರಗಿ ಬಿಸಿಲಿಗೆ ಮನೆಯಲ್ಲೇ ಮಾಡುವ ಹಣ್ಣು-ಸೊಪ್ಪಿನ ಐಸ್‌ಕ್ಯಾಂಡಿ

ಏಪ್ರಿಲ್ ಕಾಲಿಟ್ಟರೆ ನಮ್ಮ ಕಡೆ ಮಧ್ಯಾಹ್ನ ಹೊರಗೆ ಹೋಗುವ ಮಾತೇ ಇಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಕಲಬುರಗಿಯಲ್ಲಿ ಯಾರೂ ಹುಬ್ಬು ಏರಿಸುವುದಿಲ್ಲ. ಸರ್ಕಾರಿ ಕಚೇರಿಗಳು ಕೂಡ ಏಪ್ರಿಲ್-ಮೇನಲ್ಲಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಶಾಲೆಗೆ ರಜೆ. ಮಕ್ಕಳು ಮನೆಯಲ್ಲೇ. ಊಟ ಬೇಡ ಅನ್ನುತ್ತಾರೆ, ತಣ್ಣಗಿರೋದು ಏನಾದರೂ ಕೊಡು ಅನ್ನುತ್ತಾರೆ. ಓಣಿಗೆ ಬರುವ ಗಾಡಿಯ ಕ್ಯಾಂಡಿ ಎಂಥ ನೀರಿನಲ್ಲಿ ಮಾಡಿದ್ದೋ, ಏನು ಬಣ್ಣ ಹಾಕಿದ್ದೋ ನಮಗೆ ತಿಳಿಯುವುದಿಲ್ಲ. ದೊಡ್ಡ ಕಂಪನಿಯದ್ದು ದಿನಾ ಕೊಡಿಸುವುದು ಖರ್ಚಿನ ಬಾಬತ್ತು. ಮನೆಯಲ್ಲೇ ಮಾಡಿದರೆ ಹಣ್ಣು ಹೊಟ್ಟೆಗೆ ಹೋಗುತ್ತದೆ, ನೀರೂ ಹೋಗುತ್ತದೆ.

ಆದರೆ ಬಹಳ ಮನೆಗಳಲ್ಲಿ ಇದನ್ನು ಒಂದು ಸಲ ಮಾಡಿ ಬಿಟ್ಟುಬಿಡುತ್ತಾರೆ. ಜ್ಯೂಸ್ ಮಾಡಿ, ಲೋಟಕ್ಕೆ ಸುರಿದು, ಫ್ರೀಜರ್‌ನಲ್ಲಿಟ್ಟರೆ ಆಯ್ತು ಅಂದುಕೊಂಡಿರುತ್ತಾರೆ. ಬೆಳಿಗ್ಗೆ ತೆಗೆದರೆ ಕಲ್ಲು. ಎರಡು ಸಲ ಚೀಪಿದರೆ ಬಣ್ಣ, ರುಚಿ ಎಲ್ಲ ಬಾಯಿಗೆ ಬಂದುಬಿಡುತ್ತದೆ, ಕೈಯಲ್ಲಿ ಬಿಳಿ ಬರ್ಫ ಉಳಿಯುತ್ತದೆ. ಇದರಲ್ಲಿ ಹಣ್ಣಿನ ತಪ್ಪೇನೂ ಇಲ್ಲ. ಸಿಹಿ, ಹುಳಿ, ನೀರು ಈ ಮೂರರ ಲೆಕ್ಕ ಸರಿ ಕೂತಿರುವುದಿಲ್ಲ, ಅಷ್ಟೇ. ಆ ಲೆಕ್ಕ ಒಮ್ಮೆ ಕೈಗೆ ಬಂತು ಅಂದರೆ ಮುಂದೆ ಯಾವ ಹಣ್ಣು ಸಿಕ್ಕರೂ ಯಾರ ರೆಸಿಪಿಯೂ ಬೇಡ. ಅದಕ್ಕೇ ಮೊದಲು ಲೆಕ್ಕ ಹೇಳುತ್ತೇನೆ, ಹಣ್ಣು ಆಮೇಲೆ.

ಸಕ್ಕರೆ ಯಾಕೆ ಬೇಕು

ಜ್ಯೂಸ್ ಗಟ್ಟಿಯಾಗುವಾಗ ಮೊದಲು ಹೆಪ್ಪುಗಟ್ಟುವುದು ಬರೀ ನೀರು. ಸಕ್ಕರೆ ಆ ಬರ್ಫದ ಹರಳಿನೊಳಗೆ ಸೇರುವುದಿಲ್ಲ. ಹರಳುಗಳ ನಡುವೆ ಗಟ್ಟಿ ಪಾಕದ ಹಾಗೆ ಉಳಿಯುತ್ತದೆ. ಈ ಪಾಕ ಇರುವುದರಿಂದಲೇ ಕ್ಯಾಂಡಿಯನ್ನು ಹಲ್ಲಿನಿಂದ ಕಚ್ಚಲು ಆಗುತ್ತದೆ. ಸಕ್ಕರೆ ಕಡಿಮೆಯಾದರೆ ಹರಳು ದೊಡ್ಡದಾಗಿ ಬೆಳೆದು ಒಂದಕ್ಕೊಂದು ಅಂಟಿಕೊಂಡು ಕಲ್ಲಾಗುತ್ತದೆ. ಜಾಸ್ತಿಯಾದರೆ ಮನೆಯ ಫ್ರೀಜರ್‌ನಲ್ಲಿ ಗಟ್ಟಿಯೇ ಆಗುವುದಿಲ್ಲ, ಕಡ್ಡಿ ಎಳೆದರೆ ಕಡ್ಡಿ ಮಾತ್ರ ಬರುತ್ತದೆ.

ಒಟ್ಟು ಮಿಶ್ರಣ 100 ಗ್ರಾಂ ಇದ್ದರೆ ಅದರಲ್ಲಿ ಸಕ್ಕರೆ 15ರಿಂದ 20 ಗ್ರಾಂ ಇರಬೇಕು. ಇದರಲ್ಲಿ ಹಣ್ಣಿನದೇ ಸಕ್ಕರೆಯೂ ಸೇರಿತು. ಕಲ್ಲಂಗಡಿಯಲ್ಲಿ 100ಕ್ಕೆ 6ರಿಂದ 8 ಗ್ರಾಂ ಮಾತ್ರ ಇರುತ್ತದೆ, ಖರಬೂಜದಲ್ಲೂ ಹೆಚ್ಚುಕಡಿಮೆ ಅಷ್ಟೇ. ಚೆನ್ನಾಗಿ ಹಣ್ಣಾದ ಮಾವು, ದ್ರಾಕ್ಷಿಯಲ್ಲಿ ಅದರ ಎರಡು ಪಟ್ಟು. ಹಾಗಾಗಿ ಕಲ್ಲಂಗಡಿಗೆ ಸಕ್ಕರೆ ಹಾಕಲೇಬೇಕು, ಮಾವಿಗೆ ಸ್ವಲ್ಪ ಸಾಕು, ಸಿಹಿ ದ್ರಾಕ್ಷಿಗೆ ಬೇಡವೇ ಬೇಡ ಅಂದರೂ ನಡೆಯುತ್ತದೆ.

ತೂಕದ ಯಂತ್ರ ಇಲ್ಲವಾ? ನಾಲಿಗೆ ಇದೆಯಲ್ಲ. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಅದಕ್ಕೇ ಮಿಶ್ರಣವನ್ನು ಫ್ರೀಜರ್‌ಗೆ ಇಡುವ ಮೊದಲು ರುಚಿ ನೋಡಿ. ಕುಡಿಯುವ ಜ್ಯೂಸ್‌ಗಿಂತ ಒಂದು ಕೈ ಸಿಹಿ ಜಾಸ್ತಿ ಅನ್ನಿಸಬೇಕು, ಹುಳಿಯೂ ಸ್ವಲ್ಪ ಮುಂದಿರಬೇಕು. ಕುಡಿಯಲು "ಸರಿಯಾಗಿದೆ" ಅನ್ನಿಸಿದರೆ ಕ್ಯಾಂಡಿ ಸಪ್ಪೆ ಆಗುತ್ತದೆ, ಇದು ಖಾತ್ರಿ. ಮತ್ತೆ ಒಂದು ಚಿಟಿಕೆ ಉಪ್ಪು. ಉಪ್ಪು ಬಿದ್ದರೆ ಹಣ್ಣಿನ ರುಚಿ ಎದ್ದು ಬರುತ್ತದೆ, ಬೆವರು ಸುರಿಸುವ ಮೈಗೂ ಒಳ್ಳೆಯದು.

ಸೊಪ್ಪಿನ ಪಾಕ

ಪುದೀನ, ತುಳಸಿ ಇವನ್ನು ಹಣ್ಣಿನ ಜೊತೆ ಸುಮ್ನೆ ಮಿಕ್ಸಿಗೆ ಹಾಕಿ ರುಬ್ಬುವವರೇ ಜಾಸ್ತಿ. ಹಾಗೆ ಮಾಡಿದರೆ ಹಸಿ ಹುಲ್ಲಿನ ವಾಸನೆ ಬರುತ್ತದೆ, ಬಣ್ಣ ಕಂದು ತಿರುಗುತ್ತದೆ, ಮಕ್ಕಳ ಹಲ್ಲಿಗೆ ನಾರು ಸಿಗುತ್ತದೆ. ಸೊಪ್ಪಿನ ಪರಿಮಳ ಬೇಕು, ಸೊಪ್ಪು ಬೇಡ. ಅದಕ್ಕೆ ಪಾಕವೇ ದಾರಿ.

ಒಂದು ಕಪ್ ಸಕ್ಕರೆ, ಒಂದು ಕಪ್ ನೀರು ಒಲೆಯ ಮೇಲಿಡಿ. ಎಳೆ ಪಾಕ ಏನೂ ಬರಬೇಕಾಗಿಲ್ಲ. ಸಕ್ಕರೆ ಕರಗಿ ಒಂದು ಕುದಿ ಬಂದರೆ ಸಾಕು. ಒಲೆ ಆರಿಸಿ. ಆರಿಸಿದ ಮೇಲೆ ಒಂದು ಮುಷ್ಟಿ ಪುದೀನ ಎಲೆಯನ್ನು ಕೈಯಲ್ಲೇ ಸ್ವಲ್ಪ ಹಿಸುಕಿ ಒಳಗೆ ಹಾಕಿ ಮುಚ್ಚಳ ಮುಚ್ಚಿ. 15-20 ನಿಮಿಷ ಬಿಟ್ಟು ಸೋಸಿ. ಸೋಸುವಾಗ ಎಲೆಯನ್ನು ಹಿಂಡಬೇಡಿ, ಕಹಿ ಇಳಿಯುತ್ತದೆ. ಎಲೆ ಹಾಕಿ ಕುದಿಸುವುದಂತೂ ಬೇಡವೇ ಬೇಡ. ಪರಿಮಳ ಹಬೆಯ ಜೊತೆ ಮನೆಯೆಲ್ಲ ಹರಡುತ್ತದೆ, ಪಾತ್ರೆಯಲ್ಲಿ ಕಷಾಯ ಉಳಿಯುತ್ತದೆ.

ಇದೇ ಪಾಕವನ್ನು ಬೇರೆ ಬೇರೆ ಎಲೆಗೂ ಮಾಡಬಹುದು. ತುಳಸಿ ಬಹಳ ಗಡಸು, ಲವಂಗದ ಖಾರ ಇದೆ ಅದರಲ್ಲಿ, ಎಂಟು-ಹತ್ತು ಎಲೆ ಮೀರಬೇಡಿ. ಕಾಮಕಸ್ತೂರಿ ಎಲೆ ಅದಕ್ಕಿಂತ ಮೆತ್ತಗೆ, ಮಾವಿಗೆ ಬಹಳ ಒಪ್ಪುತ್ತದೆ. ಎಳೆ ಕೊತ್ತಂಬರಿ ಅನಾನಸ್‌ಗೆ ಹಾಕಿ ನೋಡಿ, ಹೇಳಿದರೆ ಯಾರೂ ನಂಬುವುದಿಲ್ಲ, ತಿಂದರೆ ಬಿಡುವುದಿಲ್ಲ. ಶುಂಠಿ, ಮಜ್ಜಿಗೆ ಹುಲ್ಲು, ಲಾವಂಚದ ಬೇರು ಇವು ಮಾತ್ರ ಗಟ್ಟಿ ಸಾಮಾನು, ಇವನ್ನು ನೀರಿನ ಜೊತೆಗೇ ಹಾಕಿ ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಶುಂಠಿ ತರುವುದಾದರೆ ಬೀದರ್ ಕಡೆಯ ಹೊಸ ಶುಂಠಿ ಸಿಕ್ಕಾಗ ತನ್ನಿ, ಅಲ್ಲಿಯ ರೈತರು ಬೆಳೆಯುವ ಮುಖ್ಯ ಬೆಳೆಗಳಲ್ಲಿ ಅದೂ ಒಂದು.

ಪಾಕ ಪೂರ್ತಿ ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ಒಂದು ವಾರ ಚೆನ್ನಾಗಿರುತ್ತದೆ. ಉಳಿದರೆ ನಿಂಬೆ ಪಾನಕಕ್ಕೆ ಆಯ್ತು. 15 ಮಿ.ಲೀ.ನ ಒಂದು ದೊಡ್ಡ ಚಮಚ ಪಾಕದಲ್ಲಿ ಸುಮಾರು 8 ಗ್ರಾಂ ಸಕ್ಕರೆ ಇರುತ್ತದೆ. ಈ ಒಂದು ಅಂಕಿ ನೆನಪಿಡಿ, ಲೆಕ್ಕಕ್ಕೆ ಬರುತ್ತದೆ.

ಲೋಟ, ಕಡ್ಡಿ, ನೀರು

ಅಚ್ಚು ಕೊಳ್ಳಲೇಬೇಕು ಅಂತಿಲ್ಲ. ಮನೆಯಲ್ಲಿರುವ ಸಣ್ಣ ಸ್ಟೀಲ್ ಲೋಟ ಎಲ್ಲಕ್ಕಿಂತ ಒಳ್ಳೆಯದು. ಸ್ಟೀಲ್ ಬೇಗ ತಣ್ಣಗಾಗುತ್ತದೆ. ಬೇಗ ಗಟ್ಟಿಯಾದಷ್ಟೂ ಹರಳು ಸಣ್ಣದು, ಕ್ಯಾಂಡಿ ನಯ. ಬಾಯಿ ಅಗಲ, ತಳ ಸಣ್ಣ ಇರುವ ಲೋಟ ಆರಿಸಿ, ಇಲ್ಲದಿದ್ದರೆ ಹೊರಗೆ ಜಾರುವುದಿಲ್ಲ. ಚಹಾದ ಪೇಪರ್ ಕಪ್ ಕೂಡ ಆಗುತ್ತದೆ, ಕೊನೆಗೆ ಹರಿದು ತೆಗೆದರಾಯ್ತು. ತೆಳು ಪ್ಲಾಸ್ಟಿಕ್ ಕಪ್ ಬೇಡ, ಸೀಳುತ್ತದೆ. ಗಾಜಿನದಂತೂ ಬೇಡ.

ತುಂಬುವಾಗ ಮೇಲೆ ಒಂದು ಬೆರಳು ಅಗಲ ಜಾಗ ಬಿಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪಾಲು, ಅಂದರೆ ನೂರಕ್ಕೆ ಒಂಬತ್ತು, ಹಿಗ್ಗುತ್ತದೆ. ತುಂಬಿ ತುಳುಕಿಸಿದರೆ ಫ್ರೀಜರ್ ಒರೆಸುವ ಕೆಲಸ ನಿಮ್ಮದು.

ಐಸ್‌ಕ್ರೀಮ್ ಕಡ್ಡಿ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮಕ್ಕಳ ಕ್ರಾಫ್ಟ್ ಕೆಲಸಕ್ಕೆ ಮಾರುವ ಬಣ್ಣದ ಕಡ್ಡಿ ತರಬೇಡಿ, ಬಣ್ಣ ಬಿಡುತ್ತದೆ. ಬಿಳಿ ಕಡ್ಡಿ ತಂದು ಐದು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ. ಕಡ್ಡಿ ನೇರ ನಿಲ್ಲಬೇಕು ಅಂದರೆ ಲೋಟದ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಬಿಗಿದು, ನಡುವೆ ಚಾಕುವಿನಿಂದ ಸಣ್ಣ ಸೀಳು ಮಾಡಿ ಅದರಲ್ಲಿ ತೂರಿಸಿ. ಫಾಯಿಲ್ ಇಲ್ಲದಿದ್ದರೆ ಒಂದು-ಒಂದೂವರೆ ತಾಸು ಬಿಟ್ಟು, ಅಂಚು ಗಟ್ಟಿಯಾಗಿ ನಡುವೆ ಇನ್ನೂ ಮೆತ್ತಗಿರುವಾಗ ಚುಚ್ಚಿ.

ನೀರಿನ ವಿಷಯ ಸ್ವಲ್ಪ ಒತ್ತಿ ಹೇಳಬೇಕು. ಫ್ರೀಜರ್‌ನಲ್ಲಿಟ್ಟರೆ ರೋಗಾಣು ಸಾಯುತ್ತದೆ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಸಾಯುವುದಿಲ್ಲ, ಬರೀ ಮಲಗಿರುತ್ತದೆ. ಕರಗಿದರೆ ಎದ್ದು ಕೂರುತ್ತದೆ. ಬೇಸಿಗೆಯಲ್ಲಿ ವಾಂತಿ-ಭೇದಿ ಜಾಸ್ತಿ ಇರುವ ಕಾಲ. ಆದ್ದರಿಂದ ಕುದಿಸಿ ಆರಿಸಿದ ನೀರು, ಇಲ್ಲವೆ ಫಿಲ್ಟರ್ ನೀರು ಮಾತ್ರ ಬಳಸಿ. ಬೋರ್‌ವೆಲ್ ನೀರು ಹಾಗೇ ಹಾಕಿದರೆ ಸವುಳು ರುಚಿಯೂ ಬರುತ್ತದೆ. ಕಲ್ಲಂಗಡಿ, ಖರಬೂಜ ಕೊಯ್ಯುವ ಮೊದಲು ಸಿಪ್ಪೆಯನ್ನು ತಿಕ್ಕಿ ತೊಳೆಯಿರಿ, ಯಾಕೆಂದರೆ ಸಿಪ್ಪೆ ಮೇಲಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ. ರಸ್ತೆ ಬದಿ ಕೊಯ್ದು ಇಟ್ಟ ಹಣ್ಣು ಅಗ್ಗಕ್ಕೆ ಸಿಕ್ಕರೂ ಇದಕ್ಕೆ ಬೇಡ.

ಮೊದಲು ಕಲ್ಲಂಗಡಿ-ಪುದೀನ

ಕೈ ಕೂರಲು ಇದರಿಂದ ಶುರು ಮಾಡಿ. ಕಲಬುರಗಿಯ ಕಣ್ಣಿ ಮಾರ್ಕೆಟ್‌ಗೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೋದರೆ ಪುದೀನ ಇನ್ನೂ ಬಾಡಿರುವುದಿಲ್ಲ. ಕಲ್ಲಂಗಡಿಯ ತಳ, ಅಂದರೆ ನೆಲಕ್ಕೆ ತಾಗಿದ ಜಾಗ, ಬೆಣ್ಣೆಯ ಹಳದಿ ಬಣ್ಣ ಇದ್ದರೆ ಬಳ್ಳಿಯಲ್ಲೇ ಹಣ್ಣಾಗಿದೆ ಅಂತ ಅರ್ಥ. ಬಿಳಿ ಇದ್ದರೆ ಬಿಡಿ.

ಬೀಜ ತೆಗೆದ ತಿರುಳು ಮಿಕ್ಸಿಗೆ ಹಾಕಿ ಎರಡು ಕಪ್ ರಸ ಮಾಡಿ. ನೀರು ಒಂದು ಹನಿಯೂ ಬೇಡ. ಹಣ್ಣೇ ನೀರು. ಆರು ದೊಡ್ಡ ಚಮಚ ಪುದೀನ ಪಾಕ, ಒಂದು ನಿಂಬೆಹಣ್ಣಿನ ರಸ, ಒಂದು ಚಿಟಿಕೆ ಉಪ್ಪು. ಕಲಸಿ ರುಚಿ ನೋಡಿ. ಲೆಕ್ಕ ಹೀಗೆ: ಎರಡು ಕಪ್ ರಸದಲ್ಲಿ ಹಣ್ಣಿನ ಸಕ್ಕರೆ ಸುಮಾರು 34 ಗ್ರಾಂ, ಪಾಕದಿಂದ 48, ಒಟ್ಟು 80ರ ಮೇಲೆ. ಮಿಶ್ರಣ 570 ಗ್ರಾಂ ಹತ್ತಿರ. ನೂರಕ್ಕೆ 14-15 ಬಂತು. ಹಣ್ಣು ಸಪ್ಪೆ ಇದ್ದರೆ ಇನ್ನೊಂದು ಚಮಚ ಪಾಕ ಹಾಕಿ. ಸಣ್ಣ ಲೋಟದಲ್ಲಿ ಆರು ಕ್ಯಾಂಡಿ ಆಗುತ್ತದೆ.

ಇನ್ನೂ ಚೆನ್ನಾಗಿ ಬೇಕು ಅನ್ನುವವರಿಗೆ ಒಂದು ಮಾತು. ಒಂದು ಕಪ್ ಕಲ್ಲಂಗಡಿ ರಸವನ್ನು ಒಲೆಯ ಮೇಲೆ ಅರ್ಧ ಕಪ್ ಆಗುವವರೆಗೆ ಬತ್ತಿಸಿ, ತಣಿಸಿ, ಉಳಿದ ಹಸಿ ರಸಕ್ಕೆ ಸೇರಿಸಿ. ನೀರು ಕಡಿಮೆಯಾಗಿ ಹಣ್ಣಿನ ಸಿಹಿ ಏರುತ್ತದೆ, ಸಕ್ಕರೆ ಅಷ್ಟು ಕಡಿಮೆ ಸಾಕು. ಎಲ್ಲ ರಸವನ್ನೂ ಕುದಿಸಬೇಡಿ, ತಾಜಾ ರುಚಿ ಹೋಗುತ್ತದೆ.

ಮಾವು ಬಂದ ಮೇಲೆ

ಬೇನಿಶಾನ್ ಆಗಲಿ ಕೇಸರ್ ಆಗಲಿ, ನಾರಿಲ್ಲದ ಹಣ್ಣು ತನ್ನಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷೇಧ, ಆದರೂ ನಡೆಯುತ್ತದೆ. ಹೊರಗೆ ಒಂದೇ ಸಮ ಹಳದಿ, ಮೂಗಿಗೆ ಹಿಡಿದರೆ ಪರಿಮಳವೇ ಇಲ್ಲ, ಒಳಗೆ ಬಿಳಿ, ಹುಳಿ ಅಂದರೆ ಅನುಮಾನ ಪಡಿ. ತಂದ ಹಣ್ಣನ್ನು ಒಂದು ತಾಸು ನೀರಿನಲ್ಲಿ ನೆನೆಸಿ, ತೊಳೆದು ಕೊಯ್ಯಿರಿ.

ಎರಡು ಕಪ್ ತಿರುಳಿಗೆ ಅರ್ಧ ಕಪ್ ನೀರು, ಮೂರು ದೊಡ್ಡ ಚಮಚ ಕಾಮಕಸ್ತೂರಿ ಪಾಕ, ಅರ್ಧ ನಿಂಬೆ ರಸ. ನೀರಿನ ಬದಲು ಹಾಲು ಹಾಕುವವರು ನಿಂಬೆ ಬಿಡಿ. ಮಾವಿನ ತಿರುಳಿನಲ್ಲಿ ಪೆಕ್ಟಿನ್ ಎಂಬ ಅಂಟಿನ ಅಂಶ ಇರುವುದರಿಂದ ಹರಳು ದೊಡ್ಡದಾಗಿ ಬೆಳೆಯುವುದಿಲ್ಲ, ಏನೂ ಕಷ್ಟಪಡದೆ ನಯವಾಗಿ ಬರುತ್ತದೆ. ಕಲ್ಲಂಗಡಿಗಿಂತ ಇದು ಸುಲಭ. ಆದರೆ ಲೆಕ್ಕ ಕಲಿಯಲು ಕಲ್ಲಂಗಡಿಯೇ ಗುರು.

ನನ್ನ ಮನಸ್ಸು ಮಾತ್ರ ಮಾವಿನಕಾಯಿಯ ಕಡೆ. ಎರಡು ಹುಳಿ ಕಾಯಿ ಕುಕ್ಕರ್‌ನಲ್ಲಿ ಬೇಯಿಸಿ, ತಿರುಳು ಹಿಂಡಿ ತೆಗೆಯಿರಿ. ಒಂದು ಕಪ್ ತಿರುಳಿಗೆ ಎರಡು ಕಪ್ ನೀರು, ಮುಕ್ಕಾಲು ಕಪ್ ಪುಡಿ ಬೆಲ್ಲ, ಅರ್ಧ ಚಮಚ ಹುರಿದ ಜೀರಿಗೆ ಪುಡಿ, ಕಾಲು ಚಮಚ ಕರಿ ಉಪ್ಪು. ಇದಕ್ಕೆ ಮಾತ್ರ ಪುದೀನವನ್ನು ರುಬ್ಬಿ ಸೋಸಿ ಹಾಕಿದರೂ ನಡೆಯುತ್ತದೆ, ಬೆಲ್ಲದ ಬಣ್ಣದಲ್ಲಿ ಕಂದು ಕಾಣುವುದಿಲ್ಲ. ಬೆಲ್ಲವನ್ನು ಸ್ವಲ್ಪ ಬಿಸಿ ನೀರಿನಲ್ಲಿ ಕರಗಿಸಿ ಸೋಸಿಯೇ ಹಾಕಿ, ಕಸ, ಮರಳು ಇರುತ್ತದೆ. ಬಿಸಿಲಲ್ಲಿ ತಿರುಗಿ ಬಂದವರಿಗೆ ಇದನ್ನು ಕೊಡಿ. ಹುಳಿ, ಉಪ್ಪು, ಸಿಹಿ ಮೂರೂ ಒಟ್ಟಿಗೆ ನಾಲಿಗೆಗೆ ಬಿದ್ದಾಗ ಅವರ ಮುಖ ನೋಡಬೇಕು.

ನಮ್ಮ ಕಡೆಯ ಇನ್ನೆರಡು

ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಕಮಲಾಪುರ ಸಿಗುತ್ತದಲ್ಲ, ಅಲ್ಲಿಯ ಕೆಂಪು ಬಾಳೆ ಭೌಗೋಳಿಕ ಸೂಚಕ, ಅಂದರೆ ಆ ಊರಿನದೇ ವಿಶೇಷ ಎಂಬ ಸರ್ಕಾರಿ ಗುರುತು, ಪಡೆದ ಹಣ್ಣು. ಬೇರೆ ಬಾಳೆಗಿಂತ ದುಬಾರಿ, ಒಪ್ಪುತ್ತೇನೆ. ಆದರೆ ಪರಿಮಳ ಬೇರೆಯೇ. ಸಿಪ್ಪೆ ಮುಟ್ಟಿದರೆ ಮೆತ್ತಗೆ ಅನ್ನುವಷ್ಟು ಹಣ್ಣಾಗಲು ಬಿಡಿ, ಆತುರ ಬೇಡ. ಕಾಯಿ ಇದ್ದರೆ ಒಗರು. ಎರಡು ಹಣ್ಣು, ಒಂದು ಕಪ್ ಗಟ್ಟಿ ಮೊಸರು, ಎರಡು ದೊಡ್ಡ ಚಮಚ ಸಕ್ಕರೆ ಅಥವಾ ಜೇನು, ಎರಡು ಏಲಕ್ಕಿ, ಕೆಲವು ಹನಿ ನಿಂಬೆ. ರುಬ್ಬಿ ಲೋಟಕ್ಕೆ ಹಾಕಿ. ಮೊಸರಿನ ಕೊಬ್ಬು, ಬಾಳೆಯ ತಿರುಳು ಎರಡೂ ಇರುವುದರಿಂದ ಐಸ್‌ಕ್ರೀಮ್‌ಗೆ ಹತ್ತಿರ ಹೋಗುತ್ತದೆ. ಊಟ ಬೇಡ ಅನ್ನುವ ಮಕ್ಕಳಿಗೆ ಮಧ್ಯಾಹ್ನ ಇದೊಂದು ಕೊಟ್ಟರೆ ಹೊಟ್ಟೆಗೆ ಏನೋ ಹೋಯಿತು ಅನ್ನುವ ಸಮಾಧಾನ ಇರುತ್ತದೆ. ಇದಕ್ಕೆ ಸೊಪ್ಪು ಬೇಡ. ಏಲಕ್ಕಿ ಸಾಕು.

ಇನ್ನೊಂದು ಯುಗಾದಿಯ ಬೇವು. ನಮ್ಮ ಕಡೆ ಬೇವನ್ನು ಲೋಟದಲ್ಲಿ ಕುಡಿಯುತ್ತೇವೆ, ಮನೆಮನೆಗೆ ಹಂಚುತ್ತೇವೆ. ಹುಣಸೆ ರಸ, ಬೆಲ್ಲ, ಮಾವಿನಕಾಯಿ ತುರಿ, ಹಣ್ಣಿನ ಚೂರು, ಬೇವಿನ ಹೂವು. ಹಬ್ಬದ ದಿನ ಒಂದು ಪಾತ್ರೆ ಉಳಿದೇ ಉಳಿಯುತ್ತದೆ ಅಲ್ವಾ? ಅದನ್ನು ಸಂಜೆಗೇ ಕ್ಯಾಂಡಿ ಮಾಡಿ. ಪುಟಾಣಿ ಹಿಟ್ಟು ಹಾಕುವ ಮನೆಯವರು ಹಿಟ್ಟು ಹಾಕುವ ಮೊದಲೇ ಒಂದಿಷ್ಟು ತೆಗೆದಿಡಿ, ಹಿಟ್ಟಿದ್ದರೆ ತರಿತರಿ ಆಗುತ್ತದೆ. ತಣ್ಣಗಾದಾಗ ಸಿಹಿ ಕುಗ್ಗಿ ಕಹಿ ಮುಂದೆ ಬರುತ್ತದೆ, ಆದ್ದರಿಂದ ಸ್ವಲ್ಪ ಬೆಲ್ಲ ಏರಿಸಿ. ಹಣ್ಣಿನ ಚೂರು ಎಲ್ಲ ತಳಕ್ಕೆ ಇಳಿಯದಿರಲು ಮೊದಲು ಅರ್ಧ ಲೋಟ ರಸ ಹಾಕಿ ಒಂದು ತಾಸು ಬಿಟ್ಟು, ಮೇಲೆ ಚೂರು, ಮತ್ತೆ ರಸ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕರಿ ದ್ರಾಕ್ಷಿಯನ್ನು ಸಿಪ್ಪೆ ಒಡೆಯುವಷ್ಟು ಬೇಯಿಸಿ, ಹಿಸುಕಿ ಸೋಸಿ, ಶುಂಠಿ ಪಾಕ ಒಂದೇ ಚಮಚ. ಬಣ್ಣಕ್ಕೇ ಮಕ್ಕಳು ಮುಗಿಬೀಳುತ್ತಾರೆ. ಖರಬೂಜಕ್ಕೆ ಮಜ್ಜಿಗೆ ಹುಲ್ಲಿನ ಪಾಕ, ಜೊತೆಗೆ ನೆನೆಸಿದ ಸಬ್ಜಾ ಬೀಜ. ಸಬ್ಜಾ ಒಂದು ಚಮಚಕ್ಕೆ ಅರ್ಧ ಕಪ್ ನೀರು ಹಾಕಿ 20 ನಿಮಿಷ ಬಿಟ್ಟು, ಚೆನ್ನಾಗಿ ಉಬ್ಬಿದ ಮೇಲೆಯೇ ಸೇರಿಸಿ. ಮೋಸಂಬಿ ರಸ ಹಿಂಡಿ ಬಹಳ ಹೊತ್ತು ಇಟ್ಟರೆ ಕಹಿ ಏರುತ್ತದೆ, ಹಿಂಡಿದ ತಕ್ಷಣ ಫ್ರೀಜರ್‌ಗೆ. ಅನಾನಸ್‌ಗೆ ಹಾಲು, ಮೊಸರು ಸೇರಿಸಬೇಕಿದ್ದರೆ ಚೂರುಗಳನ್ನು ಮೊದಲು ಐದು ನಿಮಿಷ ಬೇಯಿಸಿ. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನ್ ಒಡೆದು ಕಹಿ ಮಾಡುತ್ತದೆ, ಬಿಸಿ ತಾಗಿದರೆ ಅದರ ಆಟ ನಿಲ್ಲುತ್ತದೆ. ಹಸಿ ಪಪ್ಪಾಯಿಯಲ್ಲೂ ಇಂಥದ್ದೇ ಒಂದು ಕಿಣ್ವ ಇದೆ.

ಫ್ರೀಜರ್ ಮತ್ತು ಕರೆಂಟ್

ಕ್ಯಾಂಡಿಯನ್ನು ರಾತ್ರಿ ಇಡಿ. ಇದು ನಮ್ಮ ಊರಿಗೆ ಬಹಳ ಮುಖ್ಯ. ಹಗಲು ಅಡುಗೆಮನೆಯೇ 38-40 ಡಿಗ್ರಿ ಕಾದಿರುತ್ತದೆ, ನೀರಿಗೆ, ಮಜ್ಜಿಗೆಗೆ ಅಂತ ಎಲ್ಲರೂ ಫ್ರಿಜ್ ಬಾಗಿಲು ತೆರೆಯುತ್ತಲೇ ಇರುತ್ತಾರೆ, ಮೇಲಿಂದ ಕರೆಂಟ್ ಬಂದು ಹೋಗಿ ಮಾಡುತ್ತದೆ, ಇಷ್ಟರಲ್ಲಿ ಕ್ಯಾಂಡಿ ನಿಧಾನವಾಗಿ ಗಟ್ಟಿಯಾಗಿ ಅರ್ಧ ಕರಗಿ ಮತ್ತೆ ಗಟ್ಟಿಯಾಗಿ ಒಳಗೆಲ್ಲ ದಪ್ಪ ಹರಳು ಕಟ್ಟುತ್ತದೆ. ರಾತ್ರಿ ಊಟ ಮುಗಿದ ಮೇಲೆ ಇಟ್ಟರೆ ಬಾಗಿಲು ಬೆಳಿಗ್ಗೆಯವರೆಗೆ ಮುಚ್ಚಿಯೇ ಇರುತ್ತದೆ. ಮಿಶ್ರಣವನ್ನು ಸಂಜೆಯೇ ಮಾಡಿ ಎರಡು ತಾಸು ಕೆಳಗಿನ ಖಾನೆಯಲ್ಲಿ ತಣ್ಣಗೆ ಮಾಡಿಕೊಳ್ಳಿ. ಬಿಸಿ ಮಿಶ್ರಣ ನೇರ ಫ್ರೀಜರ್‌ಗೆ ಇಟ್ಟರೆ ಪಕ್ಕದಲ್ಲಿದ್ದ ಸಾಮಾನೂ ಮೆತ್ತಗಾಗುತ್ತದೆ.

ಎರಡು ಬಾಗಿಲಿನ ಫ್ರಿಜ್‌ನ ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟುತ್ತದೆ. ಅದರಲ್ಲಿ ಆರೇಳು ತಾಸು ಸಾಕು. ಒಂದೇ ಬಾಗಿಲಿನ ಹಳೆಯ ಫ್ರಿಜ್‌ನ ಸಣ್ಣ ಡಬ್ಬಿಯಂಥ ಫ್ರೀಜರ್ ಅಷ್ಟು ತಣ್ಣಗಾಗುವುದಿಲ್ಲ. ಅಂಥವರು ನಾಬ್ ಪೂರ್ತಿ ತಿರುಗಿಸಿ, ಕಟ್ಟಿದ ಬರ್ಫವನ್ನು ಮೊದಲೇ ಕರಗಿಸಿ ಸ್ವಚ್ಛ ಮಾಡಿ, ಲೋಟಗಳನ್ನು ಸ್ಟೀಲ್ ತಟ್ಟೆಯಲ್ಲಿ ಫ್ರೀಜರ್ ತಳಕ್ಕೆ ತಾಗುವಂತೆ ಇಡಿ. ತಟ್ಟೆ ಕೆಳಗೆ ನಾಲ್ಕು ಹನಿ ನೀರು ಬಿಟ್ಟರೆ ತಳಕ್ಕೆ ಅಂಟಿಕೊಂಡು ತಣ್ಪು ಬೇಗ ಏರುತ್ತದೆ. ಸಕ್ಕರೆಯನ್ನೂ 15ರ ಹತ್ತಿರವೇ ನಿಲ್ಲಿಸಿ, 20ಕ್ಕೆ ಹೋದರೆ ನಿಮ್ಮ ಫ್ರೀಜರ್‌ಗೆ ಅದು ಭಾರ. ಫ್ರಿಜ್ ಗೋಡೆಗೆ ಒತ್ತಿ ನಿಂತಿದ್ದರೆ ಒಂದು ಗೇಣು ಮುಂದಕ್ಕೆ ಎಳೆಯಿರಿ, ಹಿಂದೆ ಬಿಸಿ ಗಾಳಿ ಹೋಗಲು ದಾರಿ ಬೇಕು.

ಫ್ರಿಜ್ ಇಲ್ಲವೇ ಇಲ್ಲ, ಅಥವಾ ಕರೆಂಟ್ ಇಡೀ ದಿನ ಹೋಗಿದೆ ಅಂದರೂ ದಾರಿ ಇದೆ. ಕುಲ್ಫಿಯವರು ಮಾಡುವುದು ಇದನ್ನೇ. ಐಸ್ ಫ್ಯಾಕ್ಟರಿಯ ಬರ್ಫ ಮೂರು ಕಿಲೋ ತಂದು ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ ಸಣ್ಣ ಮಾಡಿ, ಒಂದು ಕಿಲೋ ದಪ್ಪ ಉಪ್ಪಿನ ಜೊತೆ ಬಕೆಟ್‌ನಲ್ಲಿ ಪದರ ಪದರವಾಗಿ ಹಾಕಿ. ಉಪ್ಪು ಬರ್ಫವನ್ನು ಕರಗಿಸುತ್ತದೆ. ಕರಗಲು ಬೇಕಾದ ಶಾಖವನ್ನು ಬರ್ಫ ತನ್ನ ಸುತ್ತಲಿನಿಂದಲೇ ಎಳೆದುಕೊಳ್ಳುತ್ತದೆ, ಬಕೆಟ್ ಒಳಗೆ ಮೈನಸ್ 15ರ ಕೆಳಗೂ ಇಳಿಯಬಹುದು. ಸ್ಟೀಲ್ ಲೋಟಗಳ ಬಾಯಿಗೆ ಫಾಯಿಲ್ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ, ಕುತ್ತಿಗೆಯವರೆಗೆ ಹೂತಿಡಿ. ಉಪ್ಪು ನೀರು ಒಳಗೆ ಹೋಗಬಾರದು. ಮೇಲೆ ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿಟ್ಟರೆ ಒಂದೂವರೆ-ಎರಡು ತಾಸಿನಲ್ಲಿ ಕ್ಯಾಂಡಿ ತಯಾರು. ಎರಡು ಎಚ್ಚರ: ಫ್ಯಾಕ್ಟರಿ ಬರ್ಫ ಹೊರಗಿನ ಕೆಲಸಕ್ಕೆ ಮಾತ್ರ, ಬಾಯಿಗೆ ಬೇಡ. ಮತ್ತೆ ಉಪ್ಪು ಬೆರೆತ ಬರ್ಫವನ್ನು ಬರಿಗೈಯಲ್ಲಿ ಹಿಡಿದುಕೊಳ್ಳಬೇಡಿ, ಚರ್ಮ ಸುಟ್ಟ ಹಾಗೆ ಆಗುತ್ತದೆ. ಮಕ್ಕಳನ್ನು ದೂರ ಇಡಿ.

ತೆಗೆಯುವುದು, ಇಡುವುದು

ಅಚ್ಚಿನಿಂದ ಬಿಡಿಸಲು ಬಿಸಿ ನೀರು ಬೇಕಿಲ್ಲ. ಬೇಸಿಗೆಯಲ್ಲಿ ನಮ್ಮ ಮಾಳಿಗೆ ಮೇಲಿನ ಟ್ಯಾಂಕ್ ನೀರೇ ಕೈ ಸುಡುವಷ್ಟು ಕಾದಿರುತ್ತದೆ, ನಲ್ಲಿಯ ಕೆಳಗೆ ಲೋಟದ ಹೊರಮೈಯನ್ನು ಐದಾರು ಸೆಕೆಂಡ್ ತಿರುಗಿಸಿದರೆ ಸಾಕು. ಕಡ್ಡಿ ಎಳೆಯುವ ಬದಲು ಲೋಟವನ್ನು ತಿರುಗಿಸಿ. ಬಿಡಿಸಿದ ಕ್ಯಾಂಡಿಗಳನ್ನು ಒಂದೊಂದಾಗಿ ಬಟರ್ ಪೇಪರ್‌ನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಮತ್ತೆ ಫ್ರೀಜರ್‌ಗೆ ಇಡಿ. ತೆರೆದಿಟ್ಟರೆ ಮಸಾಲೆ, ಉಳ್ಳಾಗಡ್ಡಿ ವಾಸನೆ ಎಲ್ಲ ಎಳೆದುಕೊಳ್ಳುತ್ತದೆ. ಎರಡು ವಾರದ ಒಳಗೆ ತಿಂದು ಮುಗಿಸಿ, ಆಮೇಲೆ ಸೊಪ್ಪಿನ ಪರಿಮಳ ಹೋಗುತ್ತದೆ.

ಕರೆಂಟ್ ಹೋಗಿ ಕ್ಯಾಂಡಿ ಕರಗಿದರೆ ಏನು ಮಾಡಬೇಕು? ಬರೀ ಹಣ್ಣಿನದಾದರೆ, ಇನ್ನೂ ತಣ್ಣಗಿದ್ದರೆ, ಅಲ್ಲೇ ಜ್ಯೂಸ್ ಮಾಡಿ ಕುಡಿದುಬಿಡಿ. ಹಾಲು, ಮೊಸರು ಹಾಕಿದ್ದು ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಚೆಲ್ಲಿ, ನೋವಾದರೂ ಚೆಲ್ಲಿ. ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡುವುದು ಬೇಡ.

ಒಂದು ವರ್ಷದೊಳಗಿನ ಕೂಸಿಗೆ ಜೇನು ಹಾಕಿದ ಏನನ್ನೂ ಕೊಡಬಾರದು. ಸಣ್ಣ ಮಕ್ಕಳಿಗೆ ಸಬ್ಜಾ, ದ್ರಾಕ್ಷಿ ಇಡಿಯಾಗಿ ಇರುವುದು ಬೇಡ, ಗಂಟಲಿಗೆ ಸಿಕ್ಕುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರು ಮನೆಯಲ್ಲಿದ್ದರೆ ಹಣ್ಣಿನ ಸಕ್ಕರೆಯೂ ಸಕ್ಕರೆಯೇ ಅಂತ ನೆನಪಿಡಿ. ಅವರಿಗೆ ಮಜ್ಜಿಗೆಗೆ ಪುದೀನ, ಕೊತ್ತಂಬರಿ, ಶುಂಠಿ, ಜೀರಿಗೆ, ಉಪ್ಪು ಹಾಕಿ ರುಬ್ಬಿ ಸೋಸಿ ಐಸ್ ಟ್ರೇಯಲ್ಲಿ ಸಣ್ಣ ತುಂಡು ಮಾಡಿ ಕೊಡಿ. ಸಕ್ಕರೆ ಇಲ್ಲದ್ದರಿಂದ ಗಟ್ಟಿಯಾಗಿಯೇ ಇರುತ್ತದೆ, ಕಡ್ಡಿಯ ಕ್ಯಾಂಡಿ ಮಾಡಿದರೆ ಹಲ್ಲಿಗೆ ಕಷ್ಟ. ಸಣ್ಣ ತುಂಡಾದರೆ ಬಾಯಲ್ಲಿಟ್ಟು ಚೀಪಬಹುದು, ಇಲ್ಲವೆ ಒಂದು ಲೋಟ ಮಜ್ಜಿಗೆಗೇ ನಾಲ್ಕು ತುಂಡು ಹಾಕಿಕೊಂಡು ಕುಡಿಯಬಹುದು.

ಜೂನ್‌ನಲ್ಲಿ ನೇರಳೆ ಬಂದಾಗ ಇದೇ ಲೆಕ್ಕದಲ್ಲಿ ಅದನ್ನೂ ಮಾಡಿ. ಬೀಜ ತೆಗೆದ ಎರಡು ಕಪ್ ತಿರುಳಿಗೆ ಅರ್ಧ ಕಪ್ ನೀರು, ಐದು ದೊಡ್ಡ ಚಮಚ ಪುದೀನ ಪಾಕ, ಕರಿ ಉಪ್ಪು ಎರಡು ಚಿಟಿಕೆ. ಒಗರು ಇರುವ ಹಣ್ಣಾದ್ದರಿಂದ ನಿಂಬೆ ಸ್ವಲ್ಪ ಕಡಿಮೆ ಮಾಡಿ, ಅರ್ಧ ಸಾಕು. ಮಕ್ಕಳಿಗೆ ಹಳೆಯ ಅಂಗಿ ಹಾಕಿಸಿ ಕೊಡಿ, ಈ ಕಲೆ ಬಟ್ಟೆಯಿಂದ ಹೋಗುವುದಿಲ್ಲ.